ನೋಯದ ರೋಗ ಮತ್ತು ನಮ್ಮ ಹೊಣೆ

ನೋವು ಕೂಡ ಒಂದು ಅನುಗ್ರಹ ಎಂದರೆ ಥಟ್ಟನೆ ಒಪ್ಪುವವರು ಕಡಿಮೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಕಾಲಿಗೆ ಮುಳ್ಳು ಚುಚ್ಚಿದರೆ ನಾವು ಅಲ್ಲೇ ಕೂತು ಅದನ್ನು ತೆಗೆಯುತ್ತೇವೆ. ಬಿಸಿ ಪಾತ್ರೆಗೆ ತಾಗಿದ ಕೈ ನಮ್ಮ ಅಪ್ಪಣೆಗೂ ಕಾಯದೆ ಹಿಂದೆ ಸರಿಯುತ್ತದೆ. ಹಲ್ಲಿನ ಹುಳುಕು ನರವನ್ನು ಮುಟ್ಟಿದ ರಾತ್ರಿ ಎಂಥ ಸೋಮಾರಿಯೂ ಬೆಳಗಾಗುವುದನ್ನೇ ಕಾದಿದ್ದು ದಂತವೈದ್ಯರ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅಲ್ಲಾಹನು ನಮ್ಮ ಶರೀರದಲ್ಲಿ ನೇಮಿಸಿದ ಈ ಕಾವಲುಗಾರ ಕೂಗಿದಾಗ ಏಳದವರಿಲ್ಲ. ಹಾಗಾದರೆ ಕಾವಲುಗಾರ ಕೂಗದೇ ಇದ್ದಾಗ? ನೋವಿಲ್ಲದೆ ಬರುವ ರೋಗದ ಮುಂದೆ ನಮಗೇನಾದರೂ ಹೊಣೆಯಿದೆಯೇ? ಅಥವಾ ‘ನೋಯಲಿಲ್ಲ, ಆದುದರಿಂದ ನೋಡಲಿಲ್ಲ’ ಎಂಬ ಉತ್ತರ ಸಾಕಾದೀತೇ?

ಈ ಪ್ರಶ್ನೆಯನ್ನು ಬರಿಯ ತರ್ಕವಾಗಿ ಕೇಳಿದರೆ ಪ್ರಯೋಜನವಿಲ್ಲ. ನಮ್ಮೆಲ್ಲರ ಬಾಯಲ್ಲೇ ಇರುವ ಒಂದು ಉದಾಹರಣೆಯನ್ನು ಹಿಡಿದು ಕೇಳೋಣ. ಅದು ವಸಡು. ಹಲ್ಲಿನ ಬಗ್ಗೆ ಮಾತನಾಡುವವರು ಬಹಳ. ಹಲ್ಲು ಬೆಳ್ಳಗಿರಬೇಕು, ಸಾಲಾಗಿರಬೇಕು, ನಕ್ಕರೆ ಚಂದ ಕಾಣಬೇಕು. ಆ ಹಲ್ಲನ್ನು ಹಿಡಿದು ನಿಲ್ಲಿಸಿರುವ ವಸಡನ್ನು, ಅದರಡಿಯ ಎಲುಬನ್ನು ವಿಚಾರಿಸುವವರಿಲ್ಲ. ಮನೆಯ ಗೋಡೆಗೆ ವರ್ಷವರ್ಷವೂ ಬಣ್ಣ ಬಳಿಯುತ್ತೇವೆ, ಅಡಿಪಾಯಕ್ಕೆ ನೀರು ನುಗ್ಗುತ್ತಿದೆಯೇ ಎಂದು ಬಗ್ಗಿ ನೋಡುವುದಿಲ್ಲ. ಆದರೆ ಹುಳುಕೇ ಇಲ್ಲದ ಗಟ್ಟಿಮುಟ್ಟಾದ ಹಲ್ಲುಗಳು ನಡುವಯಸ್ಸಿನಲ್ಲಿ ಅಲುಗಾಡತೊಡಗಿ ಒಂದೊಂದಾಗಿ ಬಿದ್ದುಹೋಗುವುದಕ್ಕೆ ಮುಖ್ಯ ಕಾರಣ ವಸಡಿನ ರೋಗವೇ.

ರೋಗ ಬರುವ ಬಗೆ ಸರಳ. ಉಜ್ಜಿ ಶುಚಿಗೊಳಿಸಿದ ಹಲ್ಲಿನ ಮೇಲೆ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳ ತೆಳುವಾದ ಅಂಟುಪದರವೊಂದು ಕೂಡತೊಡಗುತ್ತದೆ. ವೈದ್ಯರು ಇದನ್ನು ಪ್ಲಾಕ್ ಎನ್ನುತ್ತಾರೆ. ಬೆಳಿಗ್ಗೆ ಎದ್ದು ನಾಲಿಗೆಯನ್ನು ಹಲ್ಲಿನ ಬುಡಕ್ಕೆ ಸವರಿದಾಗ ಜಿಗುಟಾಗಿ ತಾಗುವುದು ಇದೇ. ಹೊಸದಾಗಿರುವಾಗ ಉಜ್ಜಿದರೆ ಸುಲಭವಾಗಿ ಹೋಗುತ್ತದೆ. ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿಕೊಂಡು ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಜಗ್ಗದು. ವೈದ್ಯರ ಉಪಕರಣವೇ ಬೇಕು. ಪದರ ಕೂತಲ್ಲೆಲ್ಲ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಉಜ್ಜುವಾಗ ರಕ್ತ ಒಸರುತ್ತದೆ. ಇದು ಮೊದಲ ಹಂತ, ಇದಕ್ಕೆ ಜಿಂಜಿವೈಟಿಸ್ ಎಂದು ಹೆಸರು. ಇಲ್ಲಿಗೇ ಎಚ್ಚೆತ್ತುಕೊಂಡರೆ ವಸಡು ಪೂರ್ತಿ ಹಿಂದಿನ ಸ್ಥಿತಿಗೆ ಬರುತ್ತದೆ. ಎಚ್ಚರಾಗದವರಲ್ಲಿ ಅನೇಕರಿಗೆ ಅದು ಎರಡನೇ ಹಂತಕ್ಕೆ, ಪೆರಿಯೊಡಾಂಟೈಟಿಸ್‌ಗೆ ಇಳಿಯುತ್ತದೆ. ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಜೇಬಿನಂಥ ಸಂದು ಬೀಳುತ್ತದೆ. ಆ ಸಂದಿನೊಳಗೆ ಬ್ರಷ್ ತಲುಪದು. ಹಲ್ಲನ್ನು ಎಲುಬಿಗೆ ಬಿಗಿದಿರುವ ನಾರುಗಳು ಕಡಿಯುತ್ತವೆ, ಎಲುಬು ಕರಗುತ್ತದೆ. ಹೀಗೆ ಹೋದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಇಷ್ಟೆಲ್ಲ ನಡೆಯುವಾಗ ನೋವು ಎಲ್ಲಿತ್ತು? ಹೆಚ್ಚಿನವರ ಪಾಲಿಗೆ ಎಲ್ಲಿಯೂ ಇರಲಿಲ್ಲ. ಹಲ್ಲು ಅಲುಗಿದಾಗ, ಕೀವು ಕಟ್ಟಿ ಮುಖ ಬಾತಾಗ ಮಾತ್ರ ನೋವಿನ ಸರದಿ ಬರುತ್ತದೆ. ಅಷ್ಟರಲ್ಲಿ ಕಳೆದುಕೊಳ್ಳಬೇಕಾದುದನ್ನು ಬಹುಪಾಲು ಕಳೆದುಕೊಂಡಾಗಿರುತ್ತದೆ.

ಹಾಗೆಂದು ಅಲ್ಲಾಹನು ಯಾವ ಸೂಚನೆಯನ್ನೂ ಕೊಡದೆ ಬಿಟ್ಟನೆಂದು ಹೇಳಬಾರದು. ನೋವು ಇಲ್ಲದ ಕಡೆ ರಕ್ತವನ್ನಿಟ್ಟಿದ್ದಾನೆ. ಬಚ್ಚಲಿನಲ್ಲಿ ಉಗುಳಿದ ನೀರು ಕೆಂಪಾಗಿದ್ದರೆ ಅದೊಂದು ಸಂದೇಶ. ಬೆರಳಿನಿಂದ ದಿನಾಲೂ ರಕ್ತ ಬರುತ್ತಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ವಸಡಿನ ರಕ್ತಕ್ಕೆ ಮಾತ್ರ ‘ಬ್ರಷ್ ಗಟ್ಟಿಯಿರಬೇಕು’, ‘ಉಷ್ಣ ಆಗಿರಬೇಕು’ ಎಂಬ ಸಮಾಧಾನ ಹೇಳಿಕೊಂಡು ನೀರು ಸುರಿದು ಹೊರಟುಬಿಡುತ್ತೇವೆ. ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ರಕ್ತ ಬರುವ ಜಾಗವನ್ನು ಮುಟ್ಟದೆ ಬಿಡುವವರೇ ಹೆಚ್ಚು. ‘ಅಲ್ಲಿ ಗಾಯವಾಗಿದೆ, ಉಜ್ಜಬಾರದು’ ಎಂಬ ಕಾಳಜಿಯಿಂದ ಬಿಡುತ್ತಾರೆ. ಉಜ್ಜದ ಕಾರಣಕ್ಕೇ ರಕ್ತ ಬರುತ್ತಿರುವಾಗ ಉಜ್ಜುವುದನ್ನೇ ನಿಲ್ಲಿಸಿದರೆ ಏನಾದೀತು? ಮೃದುವಾದ ಬ್ರಷ್ಷಿನಿಂದ ಅದೇ ಜಾಗವನ್ನು ನಿಧಾನವಾಗಿ, ತಪ್ಪದೆ ಶುಚಿ ಮಾಡುತ್ತ ಹೋದರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಪದರ ಗಟ್ಟಿಯಾಗಿದೆ ಅಥವಾ ಬೇರೇನೋ ಇದೆ ಎಂದೇ ಅರ್ಥ, ವೈದ್ಯರಿಗೆ ತೋರಿಸಲೇಬೇಕು.

ಇದು ಬರಿಯ ಉಪದೇಶವಲ್ಲ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದ ದಂತವೈದ್ಯ ಕಾಲೇಜಿನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ಬೇಕೆಂದೇ ನಿಲ್ಲಿಸಿದರು. ಕೆಲವರಿಗೆ 10 ದಿನಕ್ಕೆ, ಉಳಿದವರಿಗೆ ಹೆಚ್ಚೆಂದರೆ 21 ದಿನದೊಳಗೆ, ಎಲ್ಲರ ವಸಡೂ ಕೆಟ್ಟಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅಂದರೆ ಈ ರೋಗದ ಬಾಗಿಲು ತೆರೆಯುವುದಕ್ಕೂ ಮುಚ್ಚುವುದಕ್ಕೂ ಬೇಕಾದ ಕೀಲಿಕೈ ಮೊದಲಿಗೆ ನಮ್ಮ ಕೈಯಲ್ಲೇ ಇರುತ್ತದೆ.

ಸಿಗರೇಟು, ಬೀಡಿ ಸೇದುವವರ ವಿಷಯ ಬೇರೆಯೇ. ಹೊಗೆಬತ್ತಿಯ ವಿಷ ವಸಡಿನ ರಕ್ತನಾಳಗಳ ಮೇಲೆ ಪರಿಣಾಮ ಮಾಡುವುದರಿಂದ ಅವರಿಗೆ ರಕ್ತ ಕಡಿಮೆ ಬರುತ್ತದೆ. ಒಳಗೆ ಎಲುಬು ಇತರರಿಗಿಂತ ವೇಗವಾಗಿ ಕರಗುತ್ತಿದ್ದರೂ ಹೊರಗಿನಿಂದ ವಸಡು ಗಟ್ಟಿಯಾಗಿಯೇ ತೋರುತ್ತದೆ. ಕೆಡುಕು ತನ್ನ ಗುರುತನ್ನೇ ಅಳಿಸಿ ಹಾಕುತ್ತದೆ. ‘ನನಗೆ ರಕ್ತವೇ ಬರುವುದಿಲ್ಲ, ನನ್ನ ವಸಡು ಚೆನ್ನಾಗಿದೆ’ ಎಂದು ಧೂಮಪಾನಿಯು ಹೇಳುವ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಸೂಚನೆ ಕೊಡುವ ದೀಪವನ್ನು ಆರಿಸಿದ್ದು ಯಾರು? ಎಲೆಯಡಿಕೆಗೆ ಹೊಗೆಸೊಪ್ಪು ಬೆರೆಸಿ ದವಡೆಯಲ್ಲಿಟ್ಟುಕೊಳ್ಳುವವರ, ಗುಟ್ಕಾ ಅಗಿಯುವವರ ಕಥೆ ಇನ್ನೂ ಭಯಂಕರ. ಅಲ್ಲಿ ವಸಡು ಸವೆದು ಹಲ್ಲಿನ ಬೇರು ಕಾಣುವುದಷ್ಟೇ ಅಲ್ಲ, ಬಾಯಿಯ ಕ್ಯಾನ್ಸರಿನ ದಾರಿಯೂ ಇದೆ. ಬರಿಯ ಅಡಿಕೆ ನಿರಪಾಯವೆಂದು ನಂಬಿದವರೂ ನಮ್ಮಲ್ಲಿದ್ದಾರೆ. ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯು ಸೇರಿಸಿ ವರ್ಷಗಳೇ ಕಳೆದಿವೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಹಿತವಾಗದು, ಆದರೂ ಹೇಳಬೇಕಾಗಿದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಶರೀರ ನನ್ನದು, ಹಲ್ಲು ನನ್ನದು, ಹೋದರೆ ನನ್ನದೇ ಹೋಯಿತು, ಇದರಲ್ಲಿ ಇತರರಿಗೇನು ಎಂದು ಕೇಳುವವರಿದ್ದಾರೆ. ಇಸ್ಲಾಮಿನಲ್ಲಿ ಈ ಮಾತಿಗೆ ನೆಲೆಯಿಲ್ಲ. ಶರೀರವು ನಮಗೆ ವಹಿಸಿಕೊಡಲಾದ ಅಮಾನತ್ತು. ಹಝ್ರತ್ ಅಬುದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಮನೆಯವರನ್ನೂ ತನ್ನನ್ನೂ ಮರೆತಾಗ ಹಝ್ರತ್ ಸಲ್ಮಾನ್(ರ) ಅವರನ್ನು ತಡೆದು, ಪ್ರಭುವಿಗೆ ಹಕ್ಕಿರುವಂತೆ ನಿನ್ನ ದೇಹಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ, ಪ್ರತಿಯೊಂದಕ್ಕೂ ಅದರ ಹಕ್ಕನ್ನು ಕೊಡು ಎಂಬರ್ಥದಲ್ಲಿ ಬುದ್ಧಿ ಹೇಳಿದರು. ವಿಷಯ ಪ್ರವಾದಿಯವರ(ಸ) ಮುಂದೆ ಬಂದಾಗ ಸಲ್ಮಾನ್ ಹೇಳಿದ್ದು ಸತ್ಯ ಎಂದು ಅವರು ಒಪ್ಪಿಗೆಯಿತ್ತರು. ಬುಖಾರಿಯಲ್ಲಿರುವ ಈ ಘಟನೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಹಕ್ಕು ಎಂಬುದು ಕೇಳಿದಾಗ ಮಾತ್ರ ಕೊಡುವ ವಸ್ತುವಲ್ಲ. ಅನಾಥನು ಬಾಯಿಬಿಟ್ಟು ಕೇಳದಿದ್ದರೂ ಅವನ ಸೊತ್ತಿನ ಲೆಕ್ಕ ಪಾಲಕನ ಮೇಲಿರುತ್ತದೆ. ಮೂಕ ಪ್ರಾಣಿ ದೂರು ಕೊಡದಿದ್ದರೂ ಅದರ ಹಸಿವಿಗೆ ಯಜಮಾನನೇ ಹೊಣೆ. ಶರೀರದ ಅಂಗವೂ ಹಾಗೆಯೇ. ನೋವು ಎಂಬುದು ಅಂಗವು ತನ್ನ ಹಕ್ಕಿಗಾಗಿ ಹೂಡುವ ದಾವೆ ಎಂದುಕೊಂಡರೆ, ದಾವೆ ಹೂಡದವನ ಹಕ್ಕು ಇಲ್ಲವಾಗುವುದಿಲ್ಲ. ನೋವಿಗೆ ಹೆದರಿ ಮಾಡುವ ಆರೈಕೆಯನ್ನು ಪಶುಪಕ್ಷಿಗಳೂ ಮಾಡಿಕೊಳ್ಳುತ್ತವೆ. ನೋವಿಲ್ಲದಾಗಲೂ ಮಾಡುವ ಆರೈಕೆಯಲ್ಲೇ ಅಮಾನತ್ತಿನ ಪ್ರಜ್ಞೆ ಗೊತ್ತಾಗುವುದು.

ಪ್ರವಾದಿಯವರ(ಸ) ಜೀವನದಲ್ಲಿ ಮಿಸ್ವಾಕ್‌ಗೆ ಇದ್ದ ಸ್ಥಾನವನ್ನು ಈ ಬೆಳಕಿನಲ್ಲಿ ನೋಡಬೇಕು. ನನ್ನ ಸಮುದಾಯಕ್ಕೆ ಕಷ್ಟವಾದೀತೆಂದಿಲ್ಲದಿದ್ದರೆ ಪ್ರತಿ ನಮಾಝ್‌ನ ವೇಳೆಯೂ ಮಿಸ್ವಾಕ್ ಮಾಡಲು ಆಜ್ಞಾಪಿಸುತ್ತಿದ್ದೆ ಎಂದು ಅವರು ತಿಳಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ರಾತ್ರಿ ಎದ್ದಾಗ ಮಿಸ್ವಾಕ್, ಮನೆಯೊಳಗೆ ಕಾಲಿಟ್ಟಾಗ ಮೊದಲು ಮಿಸ್ವಾಕ್. ಅದು ಬಾಯಿಯನ್ನು ಶುದ್ಧಗೊಳಿಸುತ್ತದೆ, ಪ್ರಭುವಿನ ಮೆಚ್ಚುಗೆಗೂ ಕಾರಣವಾಗುತ್ತದೆ ಎಂದು ಅವರು ಕಲಿಸಿದರು. ಈ ಎರಡು ಮಾತುಗಳನ್ನು ಅವರು ಜೊತೆಯಾಗಿ ಹೇಳಿದ್ದರೆ ನಾವು ಅವುಗಳನ್ನು ಬೇರ್ಪಡಿಸಿದ್ದೇವೆ. ಒಂದು ಗುಂಪಿಗೆ ಮೆಚ್ಚುಗೆ ಮಾತ್ರ ಸಾಕು. ಜುಬ್ಬಾದ ಜೇಬಿನಲ್ಲಿ ಮಿಸ್ವಾಕ್ ಇರುತ್ತದೆ, ಇಖಾಮತ್‌ನ ಹೊತ್ತಿಗೆ ಎದುರಿನ ನಾಲ್ಕು ಹಲ್ಲುಗಳ ಮೇಲೆ ಎರಡು ಸಲ ಆಡಿಸಿ ಮತ್ತೆ ಜೇಬಿಗೆ ಸೇರಿಸುತ್ತಾರೆ. ಕಡ್ಡಿಯ ತುದಿ ಒಣಗಿ ಕಪ್ಪಾಗಿ ತಿಂಗಳಾಗಿರುತ್ತದೆ, ದವಡೆಯ ಒಳಬದಿ ಒಮ್ಮೆಯೂ ಕಡ್ಡಿಯನ್ನು ಕಂಡಿರುವುದಿಲ್ಲ. ಇನ್ನೊಂದು ಗುಂಪಿಗೆ ಕಡ್ಡಿಯನ್ನು ಕಂಡರೆ ನಗು. ಸುನ್ನತ್ತಿನ ಕಡ್ಡಿ ಹಳೆಯ ಕಾಲಕ್ಕಾಯಿತು, ಈಗ ಬ್ರಷ್ ಇದೆ ಎನ್ನುತ್ತಾರೆ; ಆ ಬ್ರಷ್ಷನ್ನೂ ಬೆಳಿಗ್ಗೆ ಅವಸರದಲ್ಲಿ ಅರ್ಧ ನಿಮಿಷ ಆಡಿಸಿ ಎಸೆಯುತ್ತಾರೆ.

ಅರಾಕ್ ಮರದ ಬೇರಿನ ನಾರು ಹಲ್ಲಿನ ಹೊರಮೈಯ ಪ್ಲಾಕನ್ನು ಚೆನ್ನಾಗಿಯೇ ತೆಗೆಯುತ್ತದೆ. ಸರಿಯಾಗಿ ಬಳಸಿದರೆ ಅದು ಬ್ರಷ್ಷಿಗೆ ಸರಿಸಾಟಿಯೆಂದು ಕಂಡುಕೊಂಡ ಅಧ್ಯಯನಗಳಿವೆ. ಸರಿಯಾಗಿ ಎಂಬ ಪದವನ್ನು ಮಾತ್ರ ಹಾರಿಸಬಾರದು. ತುದಿಯನ್ನು ನೀರಿನಲ್ಲಿ ನೆನೆಸಿ, ಜಗಿದು ಮೆತ್ತಗಿನ ಕುಚ್ಚು ಮಾಡಿಕೊಳ್ಳಬೇಕು. ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಆಡಿಸಬೇಕು, ಅಡ್ಡಡ್ಡ ಗಟ್ಟಿಯಾಗಿ ತಿಕ್ಕಿದರೆ ವಸಡು ಹಿಂದೆ ಸರಿಯುತ್ತದೆ. ಹಳೆಯದಾದ ತುದಿಯನ್ನು ಆಗಾಗ ಕತ್ತರಿಸಬೇಕು. ಒಳಬದಿಯನ್ನೂ ಹಿಂದಿನ ಹಲ್ಲುಗಳನ್ನೂ ಬಿಡಬಾರದು. ಪ್ರವಾದಿಯವರು(ಸ) ಮಿಸ್ವಾಕನ್ನು ನಾಲಿಗೆಯ ಮೇಲೂ ಆಡಿಸುತ್ತ, ವಾಂತಿ ಬರುವಾಗಿನಂಥ ಸ್ವರ ಕೇಳಿಸುವಷ್ಟು ಹಿಂದಕ್ಕೆ ಕೊಂಡೊಯ್ಯುತ್ತಿದ್ದುದನ್ನು ಹಝ್ರತ್ ಅಬೂ ಮೂಸಾ(ರ) ಕಂಡು ವರದಿ ಮಾಡಿದ್ದಾರೆ. ಎದುರಿನ ನಾಲ್ಕು ಹಲ್ಲಿಗೆ ತೃಪ್ತರಾಗುವವರು ಈ ವರದಿಯನ್ನು ಓದಬೇಕು. ಇನ್ನು ಎರಡು ಹಲ್ಲುಗಳ ನಡುವಿನ ಸಂದು. ವಸಡಿನ ರೋಗ ಹೆಚ್ಚಾಗಿ ಆರಂಭವಾಗುವುದು ಅಲ್ಲಿಯೇ. ಅಲ್ಲಿಗೆ ಕಡ್ಡಿಯೂ ಹೋಗದು, ಬ್ರಷ್ಷೂ ಹೋಗದು. ಅದಕ್ಕಾಗಿಯೇ ಇರುವ ಫ್ಲಾಸ್ ಎಂಬ ತೆಳುವಾದ ದಾರವನ್ನೋ, ಸಂದು ಅಗಲವಾಗಿದ್ದರೆ ಪುಟ್ಟ ಬಾಟಲಿಬ್ರಷ್ಷಿನಂಥ ಬ್ರಷ್ಷನ್ನೋ ದಿನಕ್ಕೊಮ್ಮೆ ಬಳಸಬೇಕು. ಮಿಸ್ವಾಕ್ ಮಾಡುವವನು ದಾರ ಬಳಸಿದರೆ ಸುನ್ನತ್ತಿನ ಉದ್ದೇಶ ಪೂರ್ತಿಯಾಗುತ್ತದೆಯೇ ಹೊರತು ಅದಕ್ಕೆ ಕುಂದೇನೂ ಬರುವುದಿಲ್ಲ. ದಿನಕ್ಕೆ ಐದು ಸಲ ವುಝೂವಿನಲ್ಲಿ ಬಾಯಿ ಮುಕ್ಕಳಿಸುತ್ತೇವಲ್ಲ ಎಂದು ಕೆಲವರು ನೆಮ್ಮದಿಯಿಂದಿದ್ದಾರೆ. ಮುಕ್ಕಳಿಸಿದರೆ ಆಹಾರದ ಚೂರು ಹೋಗುತ್ತದೆ, ಅಂಟಿಕೊಂಡ ಪದರ ಹೋಗುವುದಿಲ್ಲ. ಪದರವನ್ನು ಉಜ್ಜಿಯೇ ತೆಗೆಯಬೇಕು.

ಇಲ್ಲಿ ಇನ್ನೊಂದು ವಾದ ಎದುರಾಗುತ್ತದೆ. ನಮ್ಮಜ್ಜ ಹಲ್ಲುಜ್ಜಿದ್ದನ್ನು ಯಾರೂ ನೋಡಿಲ್ಲ, ತೊಂಬತ್ತು ವರ್ಷದಲ್ಲೂ ಕಬ್ಬು ಸಿಗಿಯುತ್ತಿದ್ದರು; ದಿನಕ್ಕೆ ಎರಡು ಬಾರಿ ಉಜ್ಜುವ ನನ್ನ ಹಲ್ಲುಗಳು ಅಲುಗಾಡುತ್ತಿವೆ; ಎಲ್ಲವೂ ವಿಧಿಯಲ್ಲವೇ? ಈ ವಾದವನ್ನು ಹಾಸ್ಯ ಮಾಡಿ ತಳ್ಳಿಹಾಕಬಾರದು. ಅದರಲ್ಲಿ ಸತ್ಯಾಂಶವಿದೆ.

ಆರ್ಹುಸ್‌ನ ಪ್ರಯೋಗ ಮಾಡಿದ ಅದೇ ಹರಾಲ್ಡ್ ಲೋ ಮತ್ತು ಸಂಗಡಿಗರು 1970ರಲ್ಲಿ ಶ್ರೀಲಂಕಾದ ಎರಡು ಚಹಾ ತೋಟಗಳ 480 ಮಂದಿ ಗಂಡಸರ ಬಾಯಿಯನ್ನು ಪರೀಕ್ಷಿಸಿದರು. ಕೂಲಿಕಾರರು, 14ರಿಂದ 31 ವರ್ಷದವರು. ಹಲ್ಲುಜ್ಜುವ ರೂಢಿಯಿಲ್ಲ, ದಂತವೈದ್ಯರ ಮುಖ ಕಂಡವರಲ್ಲ. ಹುಳುಕು ಬಹುತೇಕ ಇರಲೇ ಇಲ್ಲ, ಆದರೆ ಎಲ್ಲರ ಹಲ್ಲಿನ ಮೇಲೂ ಪ್ಲಾಕ್ ಮತ್ತು ಗಾರೆ ತುಂಬಿತ್ತು, ವಸಡೆಲ್ಲ ಊದಿತ್ತು. 1985ರವರೆಗೆ, 15 ವರ್ಷಗಳ ಕಾಲ, ಅವರನ್ನು ಮತ್ತೆ ಮತ್ತೆ ಪರೀಕ್ಷಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಳೆ ಎಲ್ಲರ ಬಾಯಲ್ಲೂ ಒಂದೇ ರೀತಿಯಿದ್ದರೂ ಫಲ ಒಂದೇ ಆಗಿರಲಿಲ್ಲ. ಸುಮಾರು ಶೇ. 8 ಮಂದಿಗೆ ರೋಗ ವೇಗವಾಗಿ ಮುಂದುವರಿದು, 40ನೇ ವಯಸ್ಸಿಗೆ 20 ಹಲ್ಲುಗಳು, 45ಕ್ಕೆ ಎಲ್ಲ ಹಲ್ಲುಗಳೂ ಹೋದವು. ಶೇ. 81 ಮಂದಿಗೆ ಮಧ್ಯಮ ಗತಿ. 45ರ ವೇಳೆಗೆ ಸರಾಸರಿ 7 ಹಲ್ಲು ಹೋಗಿದ್ದವು. ಉಳಿದ ಶೇ. 11 ಮಂದಿಗೆ ವಸಡು ಊದಿದ್ದು ಬಿಟ್ಟರೆ ರೋಗ ಮುಂದುವರಿಯಲೇ ಇಲ್ಲ, ಈ ರೋಗದಿಂದ ಒಂದು ಹಲ್ಲೂ ಹೋಗಲಿಲ್ಲ.

ತೊಂಬತ್ತರ ಅಜ್ಜ ಆ ಶೇ. 11ರಲ್ಲಿ ಒಬ್ಬರಾಗಿರಬಹುದು. ನಮ್ಮ ರಕ್ತದ ಗುಣ, ಹುಟ್ಟಿನಿಂದ ಬಂದ ರೋಗನಿರೋಧಕ ಶಕ್ತಿ, ಮಧುಮೇಹದಂಥ ಇತರ ಕಾಯಿಲೆಗಳು, ಇವೆಲ್ಲ ಸೇರಿ ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಮಾಡುತ್ತವೆ. ಹಾಗಿದ್ದರೆ ಹಲ್ಲಿಲ್ಲದ ಬಾಯಿಯನ್ನು ನೋಡಿ ‘ಇವನು ಶುಚಿಯಿಲ್ಲದವನು’ ಎಂದು ತೀರ್ಪು ಕೊಡುವ ಅಧಿಕಾರ ನಮಗೆಲ್ಲಿಂದ ಬಂತು? ತೋಟದ ಒಂದೇ ಸಾಲಿನಲ್ಲಿ ದುಡಿಯುತ್ತಿದ್ದ ಇಬ್ಬರಲ್ಲಿ ಒಬ್ಬ ನಲ್ವತ್ತೈದಕ್ಕೆ ಬೊಚ್ಚುಬಾಯಿಯವನಾದ, ಇನ್ನೊಬ್ಬನ ಹಲ್ಲುಗಳು ಹಾಗೆಯೇ ಉಳಿದವು. ಮೊದಲನೆಯವನ ಅಪರಾಧ ಹೆಚ್ಚೇನೂ ಇರಲಿಲ್ಲ, ಎರಡನೆಯವನ ಪುಣ್ಯವೂ ಹೆಚ್ಚಿರಲಿಲ್ಲ. ಗಟ್ಟಿ ಹಲ್ಲಿರುವವನು ಅಲ್ಲಾಹನಿಗೆ ಕೃತಜ್ಞತೆ ಹೇಳಲಿ, ಬೀಗುವುದು ಬೇಡ. ಕರ್ಮಗಳ ಬೆಲೆ ಉದ್ದೇಶದಲ್ಲಿದೆಯೆಂಬ ಸುಪ್ರಸಿದ್ಧ ಪ್ರವಾದಿ ವಚನವನ್ನು ಓದುವ ನಾವು ಫಲವನ್ನು ನೋಡಿ ಮನುಷ್ಯರನ್ನು ಅಳೆಯುವುದು ಎಷ್ಟರಮಟ್ಟಿಗೆ ಸರಿ?

ಆದರೆ ಇದೇ ಅಂಕಿಗಳಿಂದ ‘ಉಜ್ಜಿಯೂ ಪ್ರಯೋಜನವಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಶುದ್ಧ ಮೋಸ. ಹತ್ತರಲ್ಲಿ ಒಂಬತ್ತು ಮಂದಿಗೆ ನಷ್ಟವಾಗಿದೆ ಎಂಬುದನ್ನು ಮುಚ್ಚಿಟ್ಟು ಉಳಿದ ಒಬ್ಬನನ್ನು ಸಾಕ್ಷಿಗೆ ಕರೆಯುವ ವಾದವದು. ತಾನು ಯಾವ ಗುಂಪಿನವನೆಂದು ಇಪ್ಪತ್ತನೇ ವಯಸ್ಸಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಶೇ. 8ರ ಗುಂಪಿನಲ್ಲಿ ಹುಟ್ಟಿದವನಿಗೆ ಆರೈಕೆಯ ಅಗತ್ಯ ಇತರರಿಗಿಂತ ಹೆಚ್ಚು, ಕಡಿಮೆಯಲ್ಲ. ವಿಧಿಯನ್ನು ಕೈಕಟ್ಟಿ ಕೂರಲು ನೆಪವಾಗಿಸುವುದು ಸಹಾಬಿಗಳ ರೀತಿಯಾಗಿರಲಿಲ್ಲ. ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ದಾರಿಯಿಂದಲೇ ಹಿಂದಿರುಗಿದ ಖಲೀಫಾ ಉಮರ್(ರ)ರೊಂದಿಗೆ, ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಹಝ್ರತ್ ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂಬುದು ಉಮರ್‌ರವರ ಉತ್ತರದ ಸಾರವಾಗಿತ್ತು. ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿದ ಮರುಭೂಮಿಯ ಜನರಿಗೆ ಪ್ರವಾದಿಯವರು(ಸ) ಹೌದೆಂದೇ ಹೇಳಿ, ಮುಪ್ಪೊಂದನ್ನು ಬಿಟ್ಟು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಟ್ಟಿದ್ದಾನೆಂದು ತಿಳಿಸಿದ್ದರು.

ಆ ಚಹಾ ತೋಟದ ಅಧ್ಯಯನವನ್ನು ಓದುವಾಗ ಇನ್ನೊಂದು ಪ್ರಶ್ನೆ ಮನಸ್ಸನ್ನು ಚುಚ್ಚದಿರದು. 15 ವರ್ಷ ಒಬ್ಬನ ಹಲ್ಲು ಉದುರುವುದನ್ನು ಅಳತೆ ಮಾಡುತ್ತ ಹೋಗುವುದು ಎಂದರೇನು? ವಿಜ್ಞಾನಿಗಳ ಮೇಲೆ ಆರೋಪ ಹೊರಿಸಲು ಇದನ್ನು ಕೇಳುತ್ತಿಲ್ಲ. ಅವರ ಶ್ರಮದಿಂದಲೇ ಈ ರೋಗದ ಸಹಜ ಗತಿ ಜಗತ್ತಿಗೆ ತಿಳಿಯಿತು. ಪ್ರಶ್ನೆ ನಮ್ಮ ಕಡೆಗೆ ತಿರುಗಿದೆ. ನಾವೂ ನೋಡುತ್ತಲೇ ಇರುವವರಲ್ಲವೇ? ಮನೆಯಾಕೆ ಒಂದೇ ಬದಿಯಿಂದ ಅಗಿಯುವುದನ್ನು ವರ್ಷಗಟ್ಟಲೆ ನೋಡುತ್ತೇವೆ. ಪಕ್ಕದ ಸಫ್‌ನಲ್ಲಿ ನಿಲ್ಲುವವರ ಬಾಯಿಯ ವಾಸನೆಗೆ ಮುಖ ತಿರುಗಿಸುತ್ತೇವೆ, ಹಿಂದಿನಿಂದ ಆಡಿಕೊಳ್ಳುತ್ತೇವೆ, ಒಮ್ಮೆ ಏಕಾಂತದಲ್ಲಿ ಕರೆದು ‘ಇದು ವಸಡಿನ ಕಾಯಿಲೆ ಇರಬಹುದು ಅಣ್ಣ, ತೋರಿಸಿಕೊಳ್ಳಿ’ ಎಂದು ಹೇಳುವುದಿಲ್ಲ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರಬೇಡಿರೆಂದು ಪ್ರವಾದಿಯವರು(ಸ) ತಡೆದದ್ದು ಇತರರಿಗಾಗುವ ಕಿರುಕುಳದ ಕಾರಣಕ್ಕೆ. ಆ ಹದೀಸನ್ನು ಇತರರ ಕಡೆಗೆ ಬೆರಳು ತೋರಿಸಲು ಬಳಸುವವರು, ಬೆಳ್ಳುಳ್ಳಿಯ ವಾಸನೆ ಸಂಜೆಗೆ ಹೋಗುತ್ತದೆ, ಕೀವಿನ ವಾಸನೆ ಚಿಕಿತ್ಸೆಯಿಂದ ಮಾತ್ರ ಹೋಗುತ್ತದೆ ಎಂಬುದನ್ನು ತಿಳಿದಿರಬೇಕು. ಆಡಿಕೊಳ್ಳುವುದು ಪರದೂಷಣೆ, ಹೇಳುವುದು ಹಿತಚಿಂತನೆ.

ಇನ್ನು ಚಿಕಿತ್ಸೆಯ ಬಗ್ಗೆ ಇರುವ ಭಯ. ‘ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ’ ಎಂದು ನಂಬಿದವರು ಊರಿಗೆ ಹತ್ತಾರು ಮಂದಿ. ನಿಜವೇನೆಂದರೆ ಎಲುಬು ಹೋಗಿ ಹಲ್ಲು ಮೊದಲೇ ಸಡಿಲವಾಗಿರುತ್ತದೆ. ನಡುವೆ ತುಂಬಿದ ಗಾರೆ ಅದನ್ನು ಮುಚ್ಚಿಟ್ಟಿರುತ್ತದೆ. ಗಾರೆ ತೆಗೆದಾಗ ಸತ್ಯ ಕಾಣುತ್ತದೆ, ಅಪವಾದ ಮಾತ್ರ ವೈದ್ಯರಿಗೆ ಬರುತ್ತದೆ. ಕೆಲವು ದಿನ ತಣ್ಣೀರು ಜುಮ್ಮೆನ್ನಬಹುದು, ಕಡಿಮೆಯಾಗುತ್ತದೆ. ರೋಗ ಆಳಕ್ಕೆ ಹೋಗಿದ್ದರೆ ವಸಡಿನಡಿಯ ಬೇರನ್ನೂ ಶುಚಿಗೊಳಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ವಸಡನ್ನು ಬಿಡಿಸಿ ಮಾಡುವ ಶಸ್ತ್ರಚಿಕಿತ್ಸೆಯಿದೆ. ಕೆಲವೊಮ್ಮೆ ಎಲುಬಿನ ಪುಡಿ ತುಂಬುವುದುಂಟು. ಅದರಲ್ಲಿ ಹಂದಿಯಿಂದ ತೆಗೆದದ್ದೂ ಇರುವುದರಿಂದ ಮೊದಲೇ ಕೇಳಿಕೊಳ್ಳಬಹುದು, ಬೇರೆ ಬಗೆಯವು ಸಿಗುತ್ತವೆ. ಆದರೆ ಇದಾವುದೂ ಒಂದು ಸಲ ಮಾಡಿಸಿ ಮರೆಯುವ ಕೆಲಸವಲ್ಲ. ರೋಗ ಒಮ್ಮೆ ಎಲುಬಿಗೆ ಇಳಿದವನು ಜೀವನಪೂರ್ತಿ ದಿನನಿತ್ಯದ ಶುಚಿತ್ವದ ಜೊತೆಗೆ ವೈದ್ಯರು ಹೇಳಿದಂತೆ ಮೂರೋ ಆರೋ ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿರಬೇಕು. ಔಷಧದಂಗಡಿಯಲ್ಲಿ ಸಿಗುವ ಕ್ಲೋರ್‌ಹೆಕ್ಸಿಡೀನ್ ದ್ರಾವಣ ಒಂದೆರಡು ವಾರಕ್ಕೆ ಸರಿ, ತಿಂಗಳುಗಟ್ಟಲೆ ಮುಕ್ಕಳಿಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕುವುದಂತೂ ಹಲ್ಲನ್ನೂ ವಸಡನ್ನೂ ಒಟ್ಟಿಗೆ ಸವೆಸುವ ಉಪಾಯ.

ಮಧುಮೇಹಿಗಳು ಇದನ್ನು ಎರಡು ಪಟ್ಟು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ಕೆಟ್ಟ ವಸಡು ಸಕ್ಕರೆಯ ಹತೋಟಿಯನ್ನು ಕಷ್ಟಗೊಳಿಸುತ್ತದೆ. ವಸಡಿಗೆ ಚಿಕಿತ್ಸೆಯಾದಾಗ ರಕ್ತದ ಸಕ್ಕರೆಯೂ ಸ್ವಲ್ಪ ಇಳಿಯುವುದುಂಟು. ಬಸುರಿಯರಲ್ಲಿ ವಸಡು ಸ್ವಲ್ಪ ಕೊಳೆಗೂ ಬೇಗ ಊದುತ್ತದೆ. ಅದು ಸಹಜವೆಂದು ಸುಮ್ಮನಿರಿಸುವ, ಬಸುರಿಯು ದಂತವೈದ್ಯರಲ್ಲಿಗೆ ಹೋಗಬಾರದೆಂದು ತಡೆಯುವ ಹಿರಿಯರ ಮಾತಿಗೆ ಆಧಾರವಿಲ್ಲ. ಶುಚಿಗೊಳಿಸುವ ಚಿಕಿತ್ಸೆಯನ್ನು ಗರ್ಭಿಣಿಯರಿಗೂ ಮಾಡುತ್ತಾರೆ, ನಾಲ್ಕರಿಂದ ಆರನೇ ತಿಂಗಳು ಅನುಕೂಲ. ರಮಝಾನ್‌ನಲ್ಲಿ ಹಲವರು ಬಾಯಿಯ ಆರೈಕೆಯನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಪಾಲಿಸುವ ಶಾಫಿಈ ಮದ್‌ಹಬ್‌ನ ಪ್ರಸಿದ್ಧ ಅಭಿಪ್ರಾಯದಂತೆ ಉಪವಾಸಿಗನು ಮಧ್ಯಾಹ್ನ ಕಳೆದ ಮೇಲೆ ಮಿಸ್ವಾಕ್ ಮಾಡುವುದು ಅನಪೇಕ್ಷಿತ, ಹನಫೀ ಮದ್‌ಹಬ್‌ನಲ್ಲಿ ಅಡ್ಡಿಯಿಲ್ಲ. ಯಾರು ಯಾವುದನ್ನು ಪಾಲಿಸಿದರೂ ಇಫ್ತಾರ್‌ನಿಂದ ಸಹರಿಯವರೆಗೆ ಇಡೀ ರಾತ್ರಿ ತೆರೆದೇ ಇದೆ. ತರಾವೀಹ್ ಮುಗಿಸಿ ಬಂದು ಎರಡು ನಿಮಿಷ ಬ್ರಷ್, ಸಂದುಗಳಿಗೆ ದಾರ, ಸಹರಿ ಊಟದ ಬಳಿಕ ಮತ್ತೊಮ್ಮೆ ಬ್ರಷ್. ಇದಕ್ಕೆ ಯಾವ ಮದ್‌ಹಬ್ ಅಡ್ಡ ಬರುತ್ತದೆ?

ಕೊನೆಯದಾಗಿ, ತನ್ನ ಬಾಯಿಯನ್ನು ತಾನೇ ಶುಚಿ ಮಾಡಿಕೊಳ್ಳಲಾಗದವರ ಮಾತು. ಹಾಸಿಗೆ ಹಿಡಿದ ತಂದೆತಾಯಿಗೆ ಊಟ ಮಾಡಿಸುವ, ಬಟ್ಟೆ ಬದಲಿಸುವ ಮಕ್ಕಳಿದ್ದಾರೆ, ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಬಾಯಿಯ ನೆನಪು ಯಾರಿಗೂ ಆಗುವುದಿಲ್ಲ. ನಾಲ್ಕಾರು ಹಲ್ಲುಗಳಷ್ಟೇ ಉಳಿದ ಆ ಬಾಯಲ್ಲಿ ಕೂಡುವ ಕೊಳೆ ಉಸಿರಿನೊಂದಿಗೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾಕ್ಕೆ ಕಾರಣವಾಗಬಲ್ಲದು. ಬಾಯಿ ಶುಚಿಯಿಲ್ಲದ್ದರಿಂದ ಊಟ ರುಚಿಸುತ್ತಿಲ್ಲ ಎಂದು ಹೇಳುವ ಶಕ್ತಿಯೂ ಅವರಿಗಿರುವುದಿಲ್ಲ. ಪ್ರವಾದಿಯವರ(ಸ) ಅಂತಿಮ ಗಳಿಗೆಗಳಲ್ಲಿ ಹಝ್ರತ್ ಆಯಿಷಾ(ರ)ರ ಸಹೋದರ ಅಬ್ದುರ್ರಹ್ಮಾನ್(ರ) ಕೈಯಲ್ಲಿ ಮಿಸ್ವಾಕ್ ಹಿಡಿದು ಒಳಬಂದರು. ಪ್ರವಾದಿಯವರ(ಸ) ದೃಷ್ಟಿ ಅದರ ಮೇಲೆ ನಿಂತಿತು, ಮಾತು ಹೊರಡುತ್ತಿರಲಿಲ್ಲ. ಆಯಿಷಾ(ರ) ಆ ನೋಟವನ್ನು ಅರ್ಥಮಾಡಿಕೊಂಡು ಕಡ್ಡಿಯನ್ನು ಕೇಳಿ ಪಡೆದು, ತಾವೇ ಜಗಿದು ಮೆತ್ತಗೆ ಮಾಡಿ ಅವರಿಗೆ ಕೊಟ್ಟರು. ಹಿಂದೆಂದೂ ಕಂಡಿರದಷ್ಟು ಚೆನ್ನಾಗಿ ಅವರು ಅಂದು ಮಿಸ್ವಾಕ್ ಮಾಡಿದರೆಂದು ಆಯಿಷಾ(ರ) ನೆನಪಿಸಿಕೊಂಡಿದ್ದಾರೆ. ನಮ್ಮ ಮನೆಯ ಹಿರಿಯರಿಗೆ ಬೇಕಾಗಿರುವುದು ಮಕ್ಕಳು ಬಳಸುವ ಮೃದುವಾದ ಬ್ರಷ್ ಒಂದು, ಇಲ್ಲವೇ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆ. ಮಲಗಿದಲ್ಲಿಂದ ಸ್ವಲ್ಪ ಎಬ್ಬಿಸಿ, ತಲೆಯನ್ನು ಒಂದು ಬದಿಗೆ ವಾಲಿಸಿ, ನೀರು ಗಂಟಲಿಗಿಳಿಯದಂತೆ ವಸಡುಗಳನ್ನೂ ನಾಲಿಗೆಯನ್ನೂ ಒರೆಸಬೇಕು. ಕಟ್ಟಿಸಿದ ಹಲ್ಲಿನ ಸೆಟ್ಟಿದ್ದರೆ ರಾತ್ರಿ ಅದನ್ನು ತೆಗೆದು ತೊಳೆದು ನೀರಿನ ಲೋಟದಲ್ಲಿಡಬೇಕು.